ಐದು ವರ್ಷದ ದುಡಿಮೆಗೆ ಸಾಕ್ಷಿ ಎಲ್ಲಿ?

ಸೈಬರ್ ಭದ್ರತೆಯ ಕ್ಷೇತ್ರದಲ್ಲಿ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ಇರುವ ಬೆಲೆಯನ್ನು ಬೆಂಗಳೂರಿನ ಐಟಿ ನೌಕರರಿಗೆ ಹೊಸದಾಗಿ ಹೇಳಬೇಕಿಲ್ಲ. ಕೆಲಸದ ಜಾಹೀರಾತುಗಳಲ್ಲಿ, ಟೆಂಡರ್ ದಾಖಲೆಗಳಲ್ಲಿ, ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಪಕ್ಕ ಬರೆದುಕೊಳ್ಳುವ ಅಕ್ಷರಗಳಲ್ಲಿ ಅದು ಕಾಣುತ್ತಲೇ ಇರುತ್ತದೆ. ಅದಕ್ಕಾಗಿ ಜನ ತಿಂಗಳುಗಟ್ಟಲೆ ಓದುತ್ತಾರೆ, ಸುಮಾರು 750 ಡಾಲರ್ ಶುಲ್ಕ ಕಟ್ಟುತ್ತಾರೆ, 3 ಗಂಟೆ ಕೂತು 100ರಿಂದ 150 ಪ್ರಶ್ನೆಗಳನ್ನು ಎದುರಿಸುತ್ತಾರೆ. ಆದರೆ ಪಾಸಾದ ಮಾತ್ರಕ್ಕೆ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ. ಪಾಸಾದ ದಿನದಿಂದ 9 ತಿಂಗಳೊಳಗೆ, ತಾನು ಈ ಕ್ಷೇತ್ರದಲ್ಲಿ 5 ವರ್ಷ ದುಡಿದಿದ್ದೇನೆ ಎಂಬುದನ್ನು ಬರೆದು ತೋರಿಸಬೇಕು. ಬರೆದದ್ದು ನಿಜವೆಂದು, ಸರ್ಟಿಫಿಕೇಟ್ ಕೊಡುವ ಸಂಸ್ಥೆಯಿಂದ ಈಗಾಗಲೇ ಪ್ರಮಾಣಪತ್ರ ಪಡೆದ ಇನ್ನೊಬ್ಬರು ಅನುಮೋದಿಸಬೇಕು. ಬಹಳ ಮಂದಿ ಇದನ್ನು ಓದಿನ ದಣಿವೆಲ್ಲ ಮುಗಿದ ಮೇಲೆ ಉಳಿದ ಕಾಗದದ ಕೆಲಸವೆಂದೇ ತಿಳಿಯುತ್ತಾರೆ. ಎಚ್‌ಆರ್‌ನಿಂದ ಒಂದು ಪತ್ರ ತರಿಸಿ, ಹಳೆಯ ರೆಸ್ಯೂಮಿನಿಂದ ನಾಲ್ಕು ಸಾಲು ಎತ್ತಿ ಹಾಕಿ, ಪರಿಚಯದವರೊಬ್ಬರ ಸದಸ್ಯತ್ವ ಸಂಖ್ಯೆ ಕೇಳಿ ಪಡೆದು ಕಳಿಸಿಬಿಡುತ್ತಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ತೂಕದ ಭಾಗ ಇದೇ. ಪರೀಕ್ಷೆಗೆ ಎಟುಕದ ಸಂಗತಿಯೊಂದು ಇಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಡೆದದ್ದನ್ನು ನಡೆದಾಗಲೇ ಬರೆದಿಡಿ, ಬೇರೆಯವರು ಪರಿಶೀಲಿಸುವಂತೆ ಬರೆದಿಡಿ ಎಂದು ಭದ್ರತೆಯವರು ಬ್ಯಾಂಕಿಗೆ, ಆಸ್ಪತ್ರೆಗೆ, ಸರ್ಕಾರಿ ಇಲಾಖೆಗೆ ದಿನವೂ ಹೇಳುತ್ತಾರೆ. ಆ ಶಿಸ್ತು ತಮ್ಮ ಸ್ವಂತ ದುಡಿಮೆಗೂ ಅನ್ವಯವಾಗಬೇಕು.

ಮೊದಲು ನಿಯಮ ಏನೆಂದು ನೋಡೋಣ; ಅದರ ಬಗ್ಗೆ ಅರ್ಧಂಬರ್ಧ ತಿಳಿವಳಿಕೆಯೇ ಹೆಚ್ಚು. ಈ ಪ್ರಮಾಣಪತ್ರ ಕೊಡುವ ಐಎಸ್‌ಸಿ2 ಅಮೆರಿಕದಲ್ಲಿ 1989ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಸಿಐಎಸ್‌ಎಸ್‌ಪಿ ಶುರುವಾದದ್ದು 1994ರಲ್ಲಿ. ಸಂಸ್ಥೆ ಭದ್ರತೆಯ ಜ್ಞಾನವನ್ನು 8 ವಿಭಾಗಗಳಾಗಿ ವಿಂಗಡಿಸಿದೆ: ಅಪಾಯ ನಿರ್ವಹಣೆ, ಮಾಹಿತಿ ಆಸ್ತಿಯ ರಕ್ಷಣೆ, ವ್ಯವಸ್ಥೆಗಳ ವಿನ್ಯಾಸ, ಜಾಲದ ಭದ್ರತೆ, ಯಾರಿಗೆ ಯಾವುದಕ್ಕೆ ಪ್ರವೇಶ ಎಂಬುದರ ನಿಯಂತ್ರಣ, ಪರೀಕ್ಷೆ ಮತ್ತು ಮೌಲ್ಯಮಾಪನ, ದಿನನಿತ್ಯದ ಭದ್ರತಾ ಕಾರ್ಯಾಚರಣೆ, ಸಾಫ್ಟ್‌ವೇರ್ ತಯಾರಿಕೆಯ ಭದ್ರತೆ. ಅಭ್ಯರ್ಥಿಯ 5 ವರ್ಷದ ಅನುಭವ ಇವುಗಳಲ್ಲಿ ಕನಿಷ್ಠ ಎರಡಕ್ಕೆ ಸೇರಿರಬೇಕು. ಒಂದೇ ಕಂಪನಿಯಲ್ಲಿ ಸತತ 5 ವರ್ಷ ಇರಬೇಕೆಂದಿಲ್ಲ. ಅಲ್ಲಿ ಇಲ್ಲಿ ಮಾಡಿದ್ದನ್ನು ಕೂಡಿಸಬಹುದು. ವಾರಕ್ಕೆ ಕನಿಷ್ಠ 35 ಗಂಟೆಯಂತೆ 4 ವಾರ ದುಡಿದರೆ ಒಂದು ತಿಂಗಳು. ವಾರಕ್ಕೆ 20ರಿಂದ 34 ಗಂಟೆಯ ಅರೆಕಾಲಿಕ ದುಡಿಮೆಗೂ ಲೆಕ್ಕವಿದೆ. 2,080 ಗಂಟೆಗೆ ಒಂದು ವರ್ಷ. ಇಂಟರ್ನ್‌ಶಿಪ್ ಸಂಬಳದ್ದಾಗಿರಲಿ, ಸಂಬಳವಿಲ್ಲದ್ದಾಗಿರಲಿ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರವಿದ್ದರೆ ನಡೆಯುತ್ತದೆ. ಕಂಪ್ಯೂಟರ್ ವಿಜ್ಞಾನ ಅಥವಾ ಅದಕ್ಕೆ ಹತ್ತಿರದ ವಿಷಯದ ಪದವಿ, ಇಲ್ಲವೇ ಮಾನ್ಯ ಪಟ್ಟಿಯಲ್ಲಿರುವ ಇನ್ನೊಂದು ಪ್ರಮಾಣಪತ್ರ ಇದ್ದರೆ ಒಂದು ವರ್ಷ ವಿನಾಯಿತಿ. ಎರಡೂ ಇದ್ದರೂ ಒಂದೇ ವರ್ಷ. ಲೆಕ್ಕಪರಿಶೋಧನೆಯ ಕಡೆಯಿಂದ ಬೆಳೆದ ಐಸಾಕಾ ಸಂಸ್ಥೆಯ ಸಿಐಎಸ್‌ಎ, ಸಿಐಎಸ್‌ಎಂ ಪ್ರಮಾಣಪತ್ರಗಳಿಗೂ ವಿವರಗಳಲ್ಲಿ ವ್ಯತ್ಯಾಸವಿದ್ದರೂ ಬುಡದಲ್ಲಿ ಇದೇ ಬೇಡಿಕೆ: 5 ವರ್ಷದ ದುಡಿಮೆ, ಅದಕ್ಕೆ ಬಲ್ಲವರ ಸಹಿ.

ಇಷ್ಟೆಲ್ಲ ಯಾಕೆ, ಪರೀಕ್ಷೆ ಕಠಿಣವಾಗಿದ್ದರೆ ಸಾಲದೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಬೆಂಗಳೂರಿಗೂ ಸಂಬಂಧಪಟ್ಟ ಪ್ರಕರಣವೊಂದಿದೆ. 2013ರ ನವೆಂಬರ್‌ನಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರ ಕಂಪನಿ ಟಾರ್ಗೆಟ್‌ನ ಜಾಲಕ್ಕೆ ಕಳ್ಳರು ನುಗ್ಗಿದರು. ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರೊಬ್ಬರ ಲಾಗಿನ್ ಕದ್ದು ಒಳಬಂದವರು ಅಂಗಡಿಗಳ ಬಿಲ್ಲಿಂಗ್ ಯಂತ್ರಗಳವರೆಗೆ ತಲುಪಿದ್ದರು. ಕೆಲವೇ ತಿಂಗಳ ಹಿಂದೆ 16 ಲಕ್ಷ ಡಾಲರ್ ಖರ್ಚು ಮಾಡಿ ಹಾಕಿಸಿದ್ದ ಪತ್ತೆ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡಿತು, ಎಚ್ಚರಿಕೆ ಕೊಟ್ಟಿತು. ಅದನ್ನು ಹಗಲೂ ರಾತ್ರಿ ನೋಡುತ್ತಿದ್ದ ತಂಡ ಇದ್ದದ್ದು ಬೆಂಗಳೂರಿನಲ್ಲಿ. ನವೆಂಬರ್ 30ರಂದು ಆ ತಂಡ ಎಚ್ಚರಿಕೆಯನ್ನು ಗಮನಿಸಿ ಮಿನಿಯಾಪೊಲಿಸ್‌ನ ಕೇಂದ್ರಕ್ಕೆ ತಿಳಿಸಿತು. ಅಲ್ಲಿ ಯಾರೂ ಕ್ರಮ ಕೈಗೊಳ್ಳಲಿಲ್ಲ ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚ್‌ನಲ್ಲಿ ವರದಿ ಮಾಡಿತು. 4 ಕೋಟಿ ಕಾರ್ಡುಗಳ ವಿವರ, 7 ಕೋಟಿ ಗ್ರಾಹಕರ ವೈಯಕ್ತಿಕ ಮಾಹಿತಿ ಹೋಯಿತು. ಕಂಪನಿಯ ಮುಖ್ಯಸ್ಥರು ಮರುವರ್ಷ ಹುದ್ದೆ ಬಿಟ್ಟರು. ಇಂಥ ಎಚ್ಚರಿಕೆ ಬಂದಾಗ ಏನು ಮಾಡಬೇಕು ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಅಲ್ಲಿದ್ದ ಯಾರಾದರೂ ಸರಿಯುತ್ತರ ಗುರುತು ಮಾಡುತ್ತಿದ್ದರು. ದಿನಕ್ಕೆ ನೂರಾರು ಎಚ್ಚರಿಕೆಗಳು ಬಂದು ಬೀಳುವ ಜಾಗದಲ್ಲಿ, ಇದೊಂದು ಬೇರೆ ಎಂದು ಗುರುತಿಸಿ, ವ್ಯಾಪಾರದ ಭರಾಟೆಯ ವಾರದಲ್ಲಿ ಮೇಲಿನವರನ್ನು ಎಬ್ಬಿಸಿ ವ್ಯವಸ್ಥೆ ನಿಲ್ಲಿಸುವ ತೀರ್ಮಾನಕ್ಕೆ ಬರುವುದು ಬೇರೆಯದೇ ವಿದ್ಯೆ. ಅದು ಸರದಿ ಕಾಯ್ದವರಿಗೆ, ಒಮ್ಮೆ ಎಬ್ಬಿಸಿ ಬೈಸಿಕೊಂಡವರಿಗೆ, ಎಬ್ಬಿಸದೆ ಪರಿತಪಿಸಿದವರಿಗೆ ಬರುತ್ತದೆ.

ನಾಲ್ಕು ವರ್ಷದ ನಂತರ ಅಮೆರಿಕದ ಸಾಲ ಮಾಹಿತಿ ಕಂಪನಿ ಈಕ್ವಿಫ್ಯಾಕ್ಸ್‌ನಲ್ಲಿ ಆದದ್ದೂ ತಿಳಿವಳಿಕೆಯ ಕೊರತೆಯಿಂದಲ್ಲ. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷ ಬಯಲಾಯಿತು, ಪ್ಯಾಚ್ ಕೂಡ ಬಂತು. 48 ಗಂಟೆಯೊಳಗೆ ಹಾಕಿ ಎಂದು ಕಂಪನಿಯೊಳಗೆ ಮೇಲ್ ಹೋಯಿತು. ಗ್ರಾಹಕರ ತಕರಾರು ಸ್ವೀಕರಿಸುವ ಒಂದು ಪೋರ್ಟಲ್ ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಅದರಲ್ಲಿ ಆ ತಂತ್ರಾಂಶ ಇದೆ ಎಂಬುದು ತಿಳಿಯಬೇಕಾದವರಿಗೆ ತಿಳಿದಿರಲಿಲ್ಲ. ಜಾಲದ ಸಂಚಾರವನ್ನು ಗಮನಿಸುವ ಸಾಧನದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು ಒಂದೂವರೆ ವರ್ಷ ದಾಟಿತ್ತು. ಅದನ್ನು ನವೀಕರಿಸಿದ ದಿನವೇ ಕಳವು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೊರಗೆ ಹೋಗಿತ್ತು. ಪ್ಯಾಚ್ ಹಾಕಬೇಕೆಂಬ ಪಾಠ ಯಾರಿಗೆ ಗೊತ್ತಿಲ್ಲ? ಎಲ್ಲಿ ಏನು ಓಡುತ್ತಿದೆ ಎಂಬ ಪಟ್ಟಿಯನ್ನು ವರ್ಷಗಟ್ಟಲೆ ಬೇಸರಪಡದೆ ಸರಿಯಾಗಿಟ್ಟುಕೊಂಡು ಬಂದಿದ್ದೇನೆ ಎಂದು ಹೇಳಬಲ್ಲವರು ಕಡಿಮೆ. ಅನುಭವದ ದಾಖಲೆ ಕೇಳುವುದು ಈ ಎರಡನೆಯದನ್ನು.

ಬೇರೆ ವೃತ್ತಿಗಳೂ ದುಡಿಮೆಯನ್ನು ಕೇಳುತ್ತವೆ, ಆದರೆ ಒಂದು ದೊಡ್ಡ ವ್ಯತ್ಯಾಸದೊಂದಿಗೆ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಇಂಟರ್ನ್‌ಶಿಪ್ ಮಾಡಲೇಬೇಕು; ಯಾವ ವಾರ್ಡಿನಲ್ಲಿ ಎಷ್ಟು ವಾರ ಎಂಬುದು ಮೊದಲೇ ಗೊತ್ತುಪಡಿಸಿದ್ದು. ಸಿಎ ಓದುವವರ ಆರ್ಟಿಕಲ್‌ಶಿಪ್ 2023ರ ಜುಲೈನಿಂದ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ, ಆದರೆ ಕೆಲಸ ಶುರುವಾದಾಗಲೇ ಅದು ಸಿಎ ಸಂಸ್ಥೆಯಲ್ಲಿ ನೋಂದಣಿಯಾಗುತ್ತದೆ, ಹೊಣೆ ಹೊರುವ ಸಿಎ ಯಾರೆಂದು ಬರೆದಿರುತ್ತದೆ. ಅಲ್ಲೆಲ್ಲ ದಾಖಲೆ ಮುಂದೆ ಮುಂದೆ ನಡೆಯುತ್ತದೆ, ದುಡಿಮೆ ಅದರ ಹಿಂದೆ. ಸೈಬರ್ ಭದ್ರತೆಯಲ್ಲಿ ಇದು ತಲೆಕೆಳಗು. ದುಡಿಯುವಾಗ ಯಾರೂ ಬರೆದಿಡುವುದಿಲ್ಲ, ತಾನು ಮಾಡುತ್ತಿರುವುದು ಭದ್ರತೆಯ ಕೆಲಸ ಎಂಬ ಅರಿವೂ ಎಷ್ಟೋ ಸಲ ಇರುವುದಿಲ್ಲ. ಐದಾರು ವರ್ಷ ಕಳೆದು ಪರೀಕ್ಷೆ ಬರೆದ ಮೇಲೆ ಹಿಂದಿರುಗಿ ನೋಡಿ ನೆನಪಿನಿಂದ ಕಟ್ಟಬೇಕಾಗುತ್ತದೆ. ಉತ್ಪ್ರೇಕ್ಷೆಗೂ ಮರೆವಿಗೂ ಇಲ್ಲಿ ಒಂದೇ ಬಾಗಿಲು. ಮೆರೆಸಿ ಬರೆಯುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಾಡಿದ್ದನ್ನೇ ಬರೆಯಲಾರದೆ ಹಿಂದೆ ಉಳಿಯುವವರ ಸಂಖ್ಯೆ ಅದಕ್ಕಿಂತ ಕಡಿಮೆ ಇರಲಾರದು ಎಂದು ನನಗನಿಸುತ್ತದೆ, ಮತ್ತು ಅವರ ನಷ್ಟ ದೊಡ್ಡದು.

ಅಂಥವರು ಯಾರೆಂದು ತಿಳಿಯಲು ಪಟ್ಟಣ ಸಹಕಾರ ಬ್ಯಾಂಕುಗಳ ಕಡೆ ನೋಡಬೇಕು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರ ಬ್ಯಾಂಕಿನಿಂದ, ಎರಡು ದಿನದ ದಾಳಿಯಲ್ಲಿ, ನಕಲಿ ಕಾರ್ಡುಗಳ ಮೂಲಕ ಹಲವು ದೇಶಗಳ ಎಟಿಎಂಗಳಲ್ಲಿ, ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ಜಾಲದ ಮೂಲಕ ಹಾಂಗ್‌ಕಾಂಗ್‌ಗೆ, ಒಟ್ಟು 94 ಕೋಟಿ ರೂಪಾಯಿ ಹೋಯಿತು. ಅದೇ ವರ್ಷ ಅಕ್ಟೋಬರ್ 19ರಂದು ರಿಸರ್ವ್ ಬ್ಯಾಂಕ್ ಪಟ್ಟಣ ಸಹಕಾರ ಬ್ಯಾಂಕುಗಳಿಗೆಲ್ಲ ಮೂಲಭೂತ ಸೈಬರ್ ಭದ್ರತೆಯ ಸುತ್ತೋಲೆ ಹೊರಡಿಸಿತು. ಕಂಪ್ಯೂಟರ್ ಆಸ್ತಿಗಳ ಪಟ್ಟಿ ಇಡಬೇಕು, ಅನುಮತಿ ಇಲ್ಲದ ಸಾಫ್ಟ್‌ವೇರ್ ತಡೆಯಬೇಕು, ಪ್ಯಾಚ್ ಹಾಕಬೇಕು, ಬಳಕೆದಾರರ ಅಧಿಕಾರ ನಿಯಂತ್ರಿಸಬೇಕು, ಪೆನ್‌ಡ್ರೈವ್ ಬಳಕೆಗೆ ಕಡಿವಾಣ ಹಾಕಬೇಕು, ಬ್ಯಾಕಪ್ ತೆಗೆದು ಅದು ಮರಳಿ ಬರುತ್ತದೆಯೇ ಎಂದು ನೋಡಬೇಕು, ಸಿಬ್ಬಂದಿಗೆ ಅರಿವು ಮೂಡಿಸಬೇಕು. ಕರ್ನಾಟಕದ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳಲ್ಲಿರುವ ಇಂಥ ಬ್ಯಾಂಕಿನಲ್ಲಿ ಇದೆಲ್ಲ ಬಂದು ಕೂರುವುದು ಒಬ್ಬರೋ ಇಬ್ಬರೋ ಇರುವ ಕಂಪ್ಯೂಟರ್ ವಿಭಾಗದ ತಲೆಯ ಮೇಲೆ. ಅವರ ಹುದ್ದೆಯ ಹೆಸರು ಸಿಸ್ಟಂ ಅಡ್ಮಿನ್, ಇಲ್ಲವೇ ಕಂಪ್ಯೂಟರ್ ವಿಭಾಗದ ಅಧಿಕಾರಿ, ಕೆಲವು ಕಡೆ ಬರೀ ಗುಮಾಸ್ತ. ಹುದ್ದೆಯ ಹೆಸರಲ್ಲಿ ಭದ್ರತೆ ಎಂಬ ಪದವೇ ಇಲ್ಲ. ಆದರೆ ಅವರು ಮಾಡುತ್ತಿರುವುದು ಎಂಟು ವಿಭಾಗಗಳಲ್ಲಿ ಕನಿಷ್ಠ ಮೂರಕ್ಕೆ ಸೇರುವ ಕೆಲಸ. ನಿಯಮ ಕೇಳುವುದು ಮಾಡಿದ ಕೆಲಸವನ್ನು, ಪದನಾಮವನ್ನಲ್ಲ. ಇಷ್ಟು ಗೊತ್ತಾದರೂ ಎಷ್ಟೋ ಜನ ನಮಗಲ್ಲ ಎಂದು ಬಿಟ್ಟಿದ್ದ ದಾರಿ ಮತ್ತೆ ತೆರೆಯುತ್ತದೆ.

ಈಗ ಅಂಥ ಒಬ್ಬ ಉದ್ಯೋಗಿ ಬರೆಯಲು ಕೂತರು ಎಂದಿಟ್ಟುಕೊಳ್ಳೋಣ. ರೆಸ್ಯೂಮಿನ ಅಭ್ಯಾಸದಿಂದ ಮೊದಲು ಬರುವ ಸಾಲು ಹೀಗಿರುತ್ತದೆ: ‘ಸರ್ವರ್ ಮತ್ತು ನೆಟ್‌ವರ್ಕ್ ನಿರ್ವಹಣೆ, ಫೈರ್‌ವಾಲ್ ಆಡಳಿತ, ಬಳಕೆದಾರರಿಗೆ ಬೆಂಬಲ.’ ಇದರಲ್ಲಿ ಸುಳ್ಳಿಲ್ಲ, ಆದರೆ ಯಾರೂ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ಅದೇ ವ್ಯಕ್ತಿ ಹೀಗೆ ಬರೆದರೆ: ‘ಎಂಟು ಶಾಖೆಗಳ ಕೋರ್ ಬ್ಯಾಂಕಿಂಗ್ ಬಳಕೆದಾರರ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಶಾಖಾ ವ್ಯವಸ್ಥಾಪಕರ ಜೊತೆ ತಾಳೆ ನೋಡಿದೆ. ವರ್ಗವಾದವರ, ನಿವೃತ್ತರಾದವರ ಲಾಗಿನ್ ಮುಚ್ಚಿಸಿದೆ. ನಮೂದು ಮಾಡುವವರೇ ಮಂಜೂರೂ ಮಾಡುವ ಅಧಿಕಾರ ಯಾರ ಬಳಿಯೂ ಉಳಿಯದಂತೆ ಬದಲಾಯಿಸಿದೆ.’ ಇದು ಪ್ರವೇಶ ನಿಯಂತ್ರಣದ ವಿಭಾಗಕ್ಕೆ ನೇರವಾಗಿ ಹೋಗಿ ಕೂರುತ್ತದೆ. ‘ಎಟಿಎಂ ಸ್ವಿಚ್‌ಗೆ ಹೋಗುವ ಸಂಪರ್ಕವನ್ನು ಕಚೇರಿಯ ಉಳಿದ ಜಾಲದಿಂದ ಬೇರ್ಪಡಿಸಿದೆ, ಫೈರ್‌ವಾಲ್‌ನಲ್ಲಿ ಯಾವ ನಿಯಮ ಯಾಕೆ ಇದೆ ಎಂಬ ಪಟ್ಟಿ ಮಾಡಿ, ಕಾರಣ ಸಿಗದ ನಿಯಮಗಳನ್ನು ಮಂಜೂರಾತಿ ಪಡೆದು ತೆಗೆದೆ’ ಎಂಬುದು ಜಾಲದ ಭದ್ರತೆ. ‘ತಿಂಗಳಿಗೊಮ್ಮೆ ಒಂದು ಶಾಖೆಯ ಬ್ಯಾಕಪ್ಪನ್ನು ಪ್ರತ್ಯೇಕ ಯಂತ್ರದ ಮೇಲೆ ಮರುಸ್ಥಾಪಿಸಿ, ಆ ದಿನದ ಮುಕ್ತಾಯದ ಶಿಲ್ಕಿನೊಂದಿಗೆ ತಾಳೆ ನೋಡಿದೆ’ ಎಂಬುದು ಭದ್ರತಾ ಕಾರ್ಯಾಚರಣೆ. ಏನು ಮಾಡಿದೆ, ಎಷ್ಟಕ್ಕೊಮ್ಮೆ ಮಾಡಿದೆ, ಯಾರ ಜೊತೆ ಮಾಡಿದೆ, ಅದರಿಂದ ಏನು ಬದಲಾಯಿತು ಎಂಬುದು ಇಲ್ಲಿ ಕಾಣುತ್ತದೆ. ಶಾಖಾ ವ್ಯವಸ್ಥಾಪಕರಿಗೆ ಒಂದು ಫೋನ್ ಮಾಡಿ ಕೇಳಿದರೆ ಹೌದೋ ಅಲ್ಲವೋ ತಿಳಿಯುತ್ತದೆ. ಸುಳ್ಳು ಹೇಳುವವರು ಇಂಥ ಸಾಲು ಬರೆಯಲು ಹಿಂಜರಿಯುತ್ತಾರೆ, ಏಕೆಂದರೆ ಪ್ರತಿ ಸಾಲಿಗೂ ಒಬ್ಬ ಸಾಕ್ಷಿ ಇದ್ದಾರೆ.

ಇಲ್ಲೇ ಎರಡು ಎಚ್ಚರಿಕೆ ಅಗತ್ಯ. ‘ನಾವು ಜಾರಿಗೆ ತಂದೆವು’ ಎಂಬ ಬಹುವಚನದ ಹಿಂದೆ ಅಡಗಿಕೊಳ್ಳುವುದು ನಮ್ಮ ಕಂಪನಿಗಳ ಭಾಷೆಯಲ್ಲಿ ರೂಢಿಯಾಗಿಹೋಗಿದೆ. ಮೂವತ್ತು ಜನರ ತಂಡ ಒಂದು ಐಎಸ್‌ಒ 27001 ಆಡಿಟ್ ದಾಟಿದರೆ ಮೂವತ್ತು ರೆಸ್ಯೂಮಿನಲ್ಲೂ ಅದು ಪೂರ್ತಿಯಾಗಿ ಬರುತ್ತದೆ. ತಂಡದ್ದು ಯಾವುದು, ತನ್ನದು ಯಾವುದು ಎಂದು ಬಿಡಿಸಿ ಹೇಳದ ವಿವರಣೆಯಿಂದ ಅರ್ಜಿ ನೋಡುವವರಿಗೆ ಉಪಯೋಗವಿಲ್ಲ. ಇನ್ನೊಂದು, ಗಂಟೆಗಳ ಲೆಕ್ಕ. ವಾರದಲ್ಲಿ ಅರ್ಧ ಹೊತ್ತು ಪ್ರಿಂಟರ್ ರಿಪೇರಿ, ಪಾಸ್‌ಬುಕ್ ಯಂತ್ರದ ದೂರು ನೋಡಿಕೊಂಡು ಉಳಿದರ್ಧ ಭದ್ರತೆಗೆ ಕೊಟ್ಟವರು 5 ವರ್ಷವನ್ನೂ ಪೂರ್ಣಾವಧಿ ಎಂದು ಬರೆಯುವುದು ಸರಿಯಲ್ಲ. ಅರೆಕಾಲಿಕ ದುಡಿಮೆಗೆ ನಿಯಮದಲ್ಲೇ ಜಾಗವಿರುವಾಗ ಆ ಸುಳ್ಳಿನ ಅಗತ್ಯವೂ ಇಲ್ಲ. ವಾರಕ್ಕೆ 20 ಗಂಟೆಯಂತೆ ಹೊಂದಿಸಿದರೆ ಸುಮಾರು ಎರಡು ವರ್ಷಕ್ಕೆ ಒಂದು ವರ್ಷ ಸಿಗುತ್ತದೆ. ನಿಧಾನ ನಿಜ, ಆದರೆ ಗಟ್ಟಿ.

ಹಾಗಾದರೆ ಸಾಕ್ಷಿ ಎಲ್ಲಿಂದ ತರುವುದು? ನೆನಪನ್ನು ನಂಬುವಂತಿಲ್ಲ, ಕಂಪನಿಯ ವ್ಯವಸ್ಥೆಗಳನ್ನೂ ನಂಬುವಂತಿಲ್ಲ. ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಅದಾದ ಮೇಲೆ ಅಳಿಸಿದರೆ ಕೇಳುವವರಿಲ್ಲ. ಟಿಕೆಟ್ ವ್ಯವಸ್ಥೆ ಬದಲಾಗುತ್ತದೆ, ಹಳೆಯದು ಆರ್ಕೈವ್‌ಗೆ ಹೋಗುತ್ತದೆ, ಕೆಲಸ ಬಿಟ್ಟ ದಿನ ಸಂಜೆಯೇ ಮೇಲ್ ಬಂದ್. ಬೆಂಗಳೂರಿನಲ್ಲಿ ಮೂರು ಕಂಪನಿ ದಾಟಿದವರ ಕೈಯಲ್ಲಿ ಕೊನೆಗೆ ಉಳಿಯುವುದು ಆಫರ್ ಲೆಟರ್, ರಿಲೀವಿಂಗ್ ಲೆಟರ್, ಫಾರಂ 16, ಪಿಎಫ್ ಪಾಸ್‌ಬುಕ್. ಇವೆಲ್ಲ ಅಲ್ಲಿ ಇದ್ದದ್ದಕ್ಕೆ ಪುರಾವೆ; ಏನು ಮಾಡಿದರೆಂಬುದಕ್ಕೆ ಒಂದೂ ಪುರಾವೆಯಲ್ಲ. ಆದ್ದರಿಂದ ಕೆಲಸದಲ್ಲಿ ಇರುವಾಗಲೇ ತನ್ನದೇ ಒಂದು ದಾಖಲೆ ನಡೆಸಬೇಕು. ತಿಂಗಳಿಗೆ ಅರ್ಧ ಪುಟ ಸಾಕು: ದಿನಾಂಕ, ಕೆಲಸದ ಬಗೆ, ಅಂದಾಜು ಗಂಟೆ, ಯಾವ ವಿಭಾಗಕ್ಕೆ ಸೇರುತ್ತದೆ, ಯಾರಿಗೆ ಇದು ಗೊತ್ತು. ವರ್ಷದ ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್ ಜೊತೆ ಅದನ್ನೇ ಮುಂದಿಟ್ಟುಕೊಂಡು ಮಾತಾಡಿದರೆ, ಅವರೂ ಅದನ್ನು ಕಂಡಂತಾಯಿತು. ನಾಲ್ಕು ವರ್ಷ ಕಳೆದು ಪತ್ರ ಕೇಳಿದಾಗ ಅವರಿಗೆ ಹೊಸದಾಗಿ ನೆನಪಿಸುವ ಕಷ್ಟ ಇರುವುದಿಲ್ಲ.

ಗೋಪ್ಯತೆಯ ಆಕ್ಷೇಪ ಏಳುವುದು ಇಲ್ಲಿ, ಅದು ಹಗುರವಾದ ಆಕ್ಷೇಪವೂ ಅಲ್ಲ. ಭದ್ರತೆಯವರು ಸಹಿ ಹಾಕಿದ ಒಪ್ಪಂದಗಳು ಕ್ಲೈಂಟ್ ಹೆಸರನ್ನೂ ಹೇಳಬಾರದು ಎನ್ನುತ್ತವೆ, ಇನ್ನು ಕೆಲಸದ ವಿವರ ಬರೆಯುವುದು ಹೇಗೆ? ಉತ್ತರ ಮೇಲಿನ ಬ್ಯಾಂಕ್ ಉದ್ಯೋಗಿಯ ಉದಾಹರಣೆಯಲ್ಲೇ ಇದೆ. ಅಲ್ಲಿ ಬ್ಯಾಂಕಿನ ಹೆಸರಿಲ್ಲ, ಐಪಿ ವಿಳಾಸವಿಲ್ಲ, ಯಾವ ಕಂಪನಿಯ ಫೈರ್‌ವಾಲ್, ಅದರ ಯಾವ ಆವೃತ್ತಿ ಎಂಬುದಿಲ್ಲ, ಮುಚ್ಚದೆ ಉಳಿದ ದೋಷದ ಸುಳಿವಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ದುಡಿಮೆ ಪೂರ್ತಿ ಕಾಣುತ್ತದೆ. ಪೆನೆಟ್ರೇಶನ್ ಟೆಸ್ಟ್ ಮಾಡುವವರು ‘ಒಂದು ವಿಮಾ ಕಂಪನಿಯ ಗ್ರಾಹಕ ಪೋರ್ಟಲ್ ಪರೀಕ್ಷಿಸಿ, ದೋಷಗಳನ್ನು ತೀವ್ರತೆಯ ಕ್ರಮದಲ್ಲಿ ವರದಿ ಮಾಡಿ, ಸರಿಪಡಿಸಿದ ಮೇಲೆ ಮರುಪರೀಕ್ಷೆ ನಡೆಸಿದೆ’ ಎಂದರೆ ಸಾಕು. ಆ ದೋಷ ಯಾವುದೆಂದು ಯಾರೂ ಕೇಳುವುದಿಲ್ಲ. ನಿಜವಾದ ಅಪಾಯ ಇನ್ನೊಂದು ಕಡೆ ಇದೆ: ಸಾಕ್ಷಿಗಿರಲಿ ಎಂದು ಕಚೇರಿಯ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವುದು, ಟಿಕೆಟ್‌ನ ಸ್ಕ್ರೀನ್‌ಶಾಟ್ ಫೋನಿನಲ್ಲಿ ತೆಗೆದಿಡುವುದು. ಅರ್ಹತೆ ತೋರಿಸಲು ಹೋಗಿ ಅನರ್ಹರಾಗುವ ದಾರಿ ಅದು. ಬರೆದಿಡಬೇಕಾದದ್ದು ಕಸುಬಿನ ಕ್ರಿಯೆಯನ್ನು. ಸಂಸ್ಥೆಯ ಮಾಹಿತಿ ಸಂಸ್ಥೆಯಲ್ಲೇ ಉಳಿಯಬೇಕು. ಇಷ್ಟನ್ನು ಬೇರ್ಪಡಿಸಿ ಬರೆಯಬಲ್ಲವರು ಮಾಹಿತಿಯ ಸೂಕ್ಷ್ಮತೆಯನ್ನು ವರ್ಗೀಕರಿಸುವ ವಿದ್ಯೆ ತಮಗೆ ಬರುತ್ತದೆಂದು ಆ ಬರಹದಲ್ಲೇ ತೋರಿಸಿರುತ್ತಾರೆ.

ಇನ್ನೂ ಗಟ್ಟಿಯಾದ ಆಕ್ಷೇಪ, ಈ ನಿಯಮ ಬಾಗಿಲು ಮುಚ್ಚುತ್ತದೆ ಎಂಬುದು. ಮನೆಯಲ್ಲೇ ಕೂತು ಕಲಿತು ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ದೋಷ ಹುಡುಕಿ ಬಹುಮಾನ ಪಡೆಯುವ ಹುಡುಗ ಹುಡುಗಿಯರಿದ್ದಾರೆ. ಅವರ ಪ್ರತಿಭೆ ಎಷ್ಟೋ ಅಧಿಕಾರಿಗಳಿಗಿಂತ ಮೇಲು. ಆದರೆ ವಾರಕ್ಕೆ ಇಷ್ಟು ಗಂಟೆ ಎಂದು ತೋರಿಸಲು ಅವರ ಹಿಂದೆ ಒಬ್ಬ ಉದ್ಯೋಗದಾತ ಇಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ನಿಯಮ ಸಂಬಳದ ಕೆಲಸದ ಕಾಲಕ್ಕೆ ಹೊಂದಿಕೊಂಡದ್ದು, ಇಂಥ ದುಡಿಮೆಯನ್ನು ಅಳೆಯುವ ಒಳ್ಳೆಯ ಮಾಪಕ ಅದರಲ್ಲಿ ಇಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅನುಭವ ಸಾಲದವರು ಪರೀಕ್ಷೆ ಬರೆದು ಪಾಸಾದರೆ ಅಸೋಸಿಯೇಟ್ ಆಗಿ ಸೇರಬಹುದು, 5 ವರ್ಷದ ಅನುಭವ ಗಳಿಸಲು 6 ವರ್ಷದ ಅವಕಾಶ ಸಿಗುತ್ತದೆ. ಹೆರಿಗೆ, ಮಕ್ಕಳ ಆರೈಕೆ, ಹಿರಿಯರ ಅನಾರೋಗ್ಯಕ್ಕಾಗಿ ಕೆಲಸ ಬಿಟ್ಟು ಮರಳಿದ ಮಹಿಳೆಯರಿಗೂ ಅನುಭವ ಕೂಡಿಸಿ ಲೆಕ್ಕ ಹಾಕುವ ನಿಯಮ ಅನುಕೂಲವೇ; ನಡುವಿನ ಖಾಲಿ ವರ್ಷಗಳಿಗಾಗಿ ಹಿಂದಿನ ವರ್ಷಗಳು ರದ್ದಾಗುವುದಿಲ್ಲ. ಆಗುವ ಅನ್ಯಾಯದಲ್ಲಿ ದೊಡ್ಡ ಪಾಲು ಬೇರೆಯವರದ್ದು. ಹೊಸಬರನ್ನು ತೆಗೆದುಕೊಳ್ಳುವ ಹುದ್ದೆಯ ಜಾಹೀರಾತಿನಲ್ಲೂ ಸಿಐಎಸ್‌ಎಸ್‌ಪಿ ಕಡ್ಡಾಯ ಎಂದು ಬರೆಯುವ ಕಂಪನಿಗಳು, 5 ವರ್ಷ ದುಡಿದವರಿಗಾಗಿ ಇರುವ ಪ್ರಮಾಣಪತ್ರವನ್ನು ಅರ್ಜಿಗಳ ರಾಶಿ ಕಡಿಮೆ ಮಾಡುವ ಜರಡಿಯಾಗಿ ಬಳಸುತ್ತಿವೆ. ಅವಕಾಶವಿಲ್ಲದೆ ಅನುಭವ ಬರುವುದಿಲ್ಲ ಎಂದು ಗೊತ್ತಿದ್ದೂ ಅನುಭವವನ್ನೇ ಮೊದಲು ಕೇಳುವ ಈ ಪದ್ಧತಿ ಹುಡುಗರನ್ನು ಎಲ್ಲಿಗೆ ತಳ್ಳುತ್ತದೆ ಎಂಬುದೂ ಗುಟ್ಟಲ್ಲ. ನಕಲಿ ಎಕ್ಸ್‌ಪೀರಿಯನ್ಸ್ ಲೆಟರ್ ಮಾರುವವರಿಗೆ ಗಿರಾಕಿಗಳು ಹುಟ್ಟುವುದು ಇಲ್ಲಿಂದಲೇ.

ನಕಲಿಯ ಮಾತು ಬಂದಾಗ ಮುಂದಿನ ಪ್ರಶ್ನೆ ಸಹಜ: ಪರಿಚಯದವರೇ ಅನುಮೋದಿಸುವುದಾದರೆ ಆ ಸಹಿಗೆ ಬೆಲೆಯೇನು? ಬೆಲೆ ಇರುವುದು ಸಹಿ ಹಾಕುವವರು ಅದಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಎಂಬುದರ ಮೇಲೆ. ಐಎಸ್‌ಸಿ2 ಸಂಸ್ಥೆಯ ನೀತಿ ಸಂಹಿತೆ ನಾಲ್ಕೇ ಸೂತ್ರಗಳದ್ದು; ಪ್ರಾಮಾಣಿಕವಾಗಿ ನಡೆಯುವುದೂ ವೃತ್ತಿಯ ಗೌರವ ಕಾಯುವುದೂ ಅವುಗಳಲ್ಲಿ ಸೇರಿವೆ, ಮುರಿದವರ ಪ್ರಮಾಣಪತ್ರ ಹಿಂಪಡೆಯುವ ಅಧಿಕಾರ ಸಂಸ್ಥೆಗಿದೆ. ಕೆಲವು ಅರ್ಜಿಗಳನ್ನು ಲಾಟರಿಯಂತೆ ಆರಿಸಿ ತಪಾಸಣೆ ಮಾಡುವ ಪದ್ಧತಿಯೂ ಇದೆ. ಆದರೆ ತಪಾಸಣೆ ತಲುಪುವುದು ಕೆಲವರನ್ನು ಮಾತ್ರ. ಅನುಮೋದಿಸುವವರು ಪ್ರತಿಯೊಬ್ಬರ ಮುಂದೆಯೂ ಇದ್ದಾರೆ. ಆದ್ದರಿಂದ ಅವರು ಸ್ನೇಹಕ್ಕೆ ಸಹಿ ಹಾಕಬಾರದು. ಅರ್ಜಿಯನ್ನು ಓದಬೇಕು, ಒಂದು ಗಂಟೆ ಕೂತು ಕೇಳಬೇಕು: ಈ ಫೈರ್‌ವಾಲ್ ನಿಯಮ ತೆಗೆದಾಗ ಏನು ಒಡೆಯಿತು? ಬ್ಯಾಕಪ್ ತಾಳೆಯಾಗದ ತಿಂಗಳು ಏನು ಮಾಡಿದಿರಿ? ಕೆಲಸ ಮಾಡಿದವರಿಗೆ ಇಂಥ ಪ್ರಶ್ನೆ ಕೇಳಿದರೆ ಮುಖ ಅರಳುತ್ತದೆ, ಮಾತು ನಿಲ್ಲುವುದಿಲ್ಲ. ಮಾಡದವರಿಗೆ ಪುಸ್ತಕದ ವ್ಯಾಖ್ಯೆ ನೆನಪಾಗುತ್ತದೆ. ಪರಿಚಯದಲ್ಲಿ ಅಂಥ ಸದಸ್ಯರೇ ಇಲ್ಲದವರು (ಸಣ್ಣ ಊರಿನವರು ಹೆಚ್ಚಾಗಿ ಈ ಸ್ಥಿತಿಯಲ್ಲಿರುತ್ತಾರೆ) ಐಎಸ್‌ಸಿ2 ಸಂಸ್ಥೆಯೇ ತಮ್ಮನ್ನು ಅನುಮೋದಿಸಲಿ ಎಂದು ಕೇಳಬಹುದು. ಆಗ ದಾಖಲೆಗಳ ಮೇಲೆಯೇ ಎಲ್ಲ ಭಾರ ಬೀಳುತ್ತದೆ, ಪತ್ರದಲ್ಲಿ ಏನು ಬರೆದಿದೆ ಎಂಬುದು ನಿರ್ಣಾಯಕವಾಗುತ್ತದೆ.

ಐದೇ ವರ್ಷ ಯಾಕೆ, ಒಂದು ವರ್ಷದ್ದನ್ನೇ ಐದು ಸಲ ಮಾಡಿದವರೂ ಇರುತ್ತಾರಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಕಾಲ ಒರಟು ಅಳತೆ. ಆ ಅಳತೆಯ ಒರಟುತನ ಸ್ವಲ್ಪ ಕಡಿಮೆಯಾಗುವುದು ವಿವರಣೆಯಿಂದ ಮಾತ್ರ. ಮೊದಲ ವರ್ಷ ಎಚ್ಚರಿಕೆಗಳನ್ನು ನೋಡಿ ಮುಂದಕ್ಕೆ ಕಳಿಸಿದವರು ಮೂರನೆಯ ವರ್ಷ ಯಾವುದನ್ನು ಕಳಿಸಬೇಕೆಂಬ ನಿಯಮ ಬರೆದರೇ, ಐದನೆಯ ವರ್ಷ ಹೊಸಬರಿಗೆ ಕಲಿಸಿದರೇ ಎಂಬುದು ವರ್ಷವಾರು ಬರೆದಾಗ ಕಾಣುತ್ತದೆ. ಬೆಳೆದಿರದಿದ್ದರೆ ಅದೂ ಕಾಣುತ್ತದೆ, ಮೊದಲು ಬರೆಯುವವರಿಗೇ.

ಇದುವರೆಗೆ ಹೇಳಿದ್ದೆಲ್ಲ ನೌಕರರ ಹೊಣೆ. ಉದ್ಯೋಗದಾತರ ಹೊಣೆ ಅದಕ್ಕಿಂತ ಕಡಿಮೆಯಲ್ಲ, ನಮ್ಮಲ್ಲಿ ಅದರ ಬಗ್ಗೆ ಮಾತೇ ಇಲ್ಲ. ಬೆಂಗಳೂರಿನ ಕಂಪನಿಯೊಂದು ಕೊಡುವ ಸಾಮಾನ್ಯ ಎಕ್ಸ್‌ಪೀರಿಯನ್ಸ್ ಲೆಟರ್ ನೋಡಿ: ಹೆಸರು, ಉದ್ಯೋಗಿ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ, ಕೊನೆಯ ಪದನಾಮ, ಮುಂದಿನ ಜೀವನಕ್ಕೆ ಶುಭಾಶಯ. ಸಹಿ ಎಚ್‌ಆರ್‌ನವರದು, ಅವರು ಆ ವ್ಯಕ್ತಿಯ ಕೆಲಸ ನೋಡಿದವರಲ್ಲ. ಗುತ್ತಿಗೆಯ ನೌಕರರ ಪಾಡು ಇನ್ನೂ ಕಷ್ಟ. ದಿನವೂ ದುಡಿದದ್ದು ಕ್ಲೈಂಟ್ ಕಚೇರಿಯಲ್ಲಿ, ಪತ್ರ ಕೊಡುವುದು ಸಂಬಳ ಹಾಕುವ ಇನ್ನೊಂದು ಏಜೆನ್ಸಿ. ಕೆಲಸ ಕಂಡವರಿಗೆ ಬರೆಯುವ ಅಧಿಕಾರವಿಲ್ಲ, ಬರೆಯುವವರು ಕೆಲಸ ಕಂಡಿಲ್ಲ. ಕಾನೂನಿನ ನೆರವೂ ಇಲ್ಲಿ ತೆಳು. 1946ರ ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ಆದೇಶಗಳು ಕಾಯಂ ಕಾರ್ಮಿಕರಿಗೆ ಸೇವೆ ಮುಗಿದಾಗ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕು ಕೊಟ್ಟಿದ್ದವು. ಆದರೆ ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ ಆ ಕಾಯ್ದೆಯಿಂದಲೇ 2014ರಲ್ಲಿ 5 ವರ್ಷ ವಿನಾಯಿತಿ ಕೊಟ್ಟು, 2019ರಲ್ಲಿ, ಮತ್ತೆ 2024ರಲ್ಲಿ ಮುಂದುವರಿಸಿತು. ಇದ್ದ ಹಕ್ಕಿನಲ್ಲೂ ಕೆಲಸದ ವಿವರ ಇರಬೇಕೆಂಬ ಮಾತು ಇರಲಿಲ್ಲ. ಕಾನೂನು ಬರುವವರೆಗೆ ಕಾಯಬೇಕಾದ ವಿಷಯ ಇದಲ್ಲ. ಕೆಲಸ ಮೇಲ್ವಿಚಾರಣೆ ಮಾಡಿದವರು ಬರೆದ ಒಂದು ಪುಟದ ಅನುಬಂಧ, ಕೆಳಗೆ ಅವರ ಹೆಸರು, ಸಹಿ, ಸಂಸ್ಥೆಯ ಮುದ್ರೆ; ಗುತ್ತಿಗೆಯವರಿಗಾದರೆ ಕ್ಲೈಂಟ್ ಕಡೆಯ ವ್ಯವಸ್ಥಾಪಕರ ದೃಢೀಕರಣ. ಇದಕ್ಕೆ ಬೇಕಾದದ್ದು ಅರ್ಧ ದಿನದ ಸಮಯ.

ಆ ಅರ್ಧ ದಿನ ಸಿಗುವುದಿಲ್ಲ ಎಂದು ಯಾವ ಕಂಪನಿಯೂ ಹೇಳುವಂತಿಲ್ಲ. ರಾಜೀನಾಮೆ ಕೊಟ್ಟವರು ನೋಟಿಸ್ ಅವಧಿಯಲ್ಲಿ ಎರಡು ಮೂರು ತಿಂಗಳು ಕೂತೇ ಇರುತ್ತಾರೆ, ಆ ಹೊತ್ತಿನಲ್ಲಿ ಅವರಿಂದ ಕೆಟಿ, ಅಂದರೆ ತಿಳಿವಳಿಕೆ ಹಸ್ತಾಂತರದ ಹೆಸರಿನಲ್ಲಿ ಎಲ್ಲವನ್ನೂ ಬರೆಸಿಕೊಳ್ಳಲಾಗುತ್ತದೆ: ಯಾವ ಸರ್ವರ್‌ನ ಹೊಣೆ ಇತ್ತು, ಯಾವ ನಿಯಮ ಯಾಕೆ ಹಾಕಿದ್ದರು, ಯಾವ ಎಚ್ಚರಿಕೆ ಬಂದರೆ ಯಾರನ್ನು ಎಬ್ಬಿಸಬೇಕು. ಅವರ ಅಷ್ಟೂ ವರ್ಷದ ದುಡಿಮೆಯ ಪೂರ್ತಿ ಚಿತ್ರ ಆ ಕಡತಗಳಲ್ಲಿ ಸಂಸ್ಥೆಗೆ ಸಿಕ್ಕಿರುತ್ತದೆ. ಟೀಂ ಲೀಡ್ ಆದವರು ಅದರಿಂದಲೇ ಗೋಪ್ಯವಾದದ್ದನ್ನು ಬಿಟ್ಟು ಒಂದು ಪುಟ ಬರೆದು, ರಿಲೀವಿಂಗ್ ಲೆಟರ್ ಜೊತೆಗೆ ಸಹಿ ಮಾಡಿ ಕೊಡಬಹುದು.